ಐದನೆಯ ಮನೆಯ ಜೋಗ

ಯಲ್ಲಮ್ಮನ ಒಕ್ಕಲಿನ ಎಲ್ಲ ಅಕ್ಕ-ಅಣ್ಣಂದಿರಿಗೆ ಗಿರಿಜಾಳ ಶರಣು. ನನಗೆ ಬರೆಯುವ ರೂಢಿಯಿಲ್ಲ, ಗೆರೆ ಎಳೆಯುವ ರೂಢಿ ಮಾತ್ರ ಇದೆ. ಆದರೂ ತಾಯಿ ನಡೆಸಿಕೊಟ್ಟದ್ದನ್ನು ನಾಲ್ಕು ಮಂದಿಗೆ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡರೆ ಅದು ಕಳವಿಗೆ ಸಮ ಎಂದು ಮುಧೋಳದಲ್ಲಿರುವ ನಮ್ಮವ್ವ ಬಯ್ಯುತ್ತಾಳೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

೨೦೧೩ರ ಜೂನ್ ತಿಂಗಳಲ್ಲಿ ನಮ್ಮ ಯಜಮಾನರಿಗೆ ಚೆಕ್ಕಿನ ಮೇಲಿನ ಸಹಿ ಕಾಣದಂತಾಯಿತು. ಅವರು ಬ್ಯಾಂಕಿನಲ್ಲಿ ಗುಮಾಸ್ತರು. ನಾಶಿಕದಲ್ಲಿ ಆರು ವರ್ಷ ಇದ್ದು, ಹಿಂದಿನ ವರ್ಷವಷ್ಟೇ ಸಂಭಾಜಿನಗರಕ್ಕೆ ವರ್ಗವಾಗಿತ್ತು. ಆಗ ಎಲ್ಲರ ಬಾಯಲ್ಲೂ ಅದು ಔರಂಗಾಬಾದೇ. ಮಗಳು ವಿದ್ಯಾ ನಾಶಿಕದಲ್ಲಿ ಬಿ.ಎಸ್ಸಿ. ಓದುತ್ತಿದ್ದಳಾದ್ದರಿಂದ ನಾವಿಬ್ಬರೂ ಅಲ್ಲಿನ ಬಾಡಿಗೆ ಮನೆಯಲ್ಲೇ ಉಳಿದೆವು. ಇವರು ಶನಿವಾರ ಬಂದು ಸೋಮವಾರ ನಸುಕಿನ ಬಸ್ಸಿಗೆ ಹೋಗುತ್ತಿದ್ದರು. ಒಂದು ಶನಿವಾರ ಬಂದವರು ಊಟಕ್ಕೆ ಕೂತು, ತಟ್ಟೆಯಲ್ಲಿ ಹಾಕಿದ ಚಟ್ನಿಪುಡಿಯನ್ನು ಕೈಯಿಂದ ಹುಡುಕಿದರು. "ಏನಾಗೇದ್ರಿ?" ಎಂದೆ. "ಕಣ್ಣ ಮುಂದ ಕರಿ ಇರವಿ ಹರದಾಡ್ತಾವ, ಗಿರಿಜಾ. ಎಂಟ ದಿನ ಆತು" ಎಂದರು. ಎಂಟು ದಿನ ಯಾರಿಗೂ ಹೇಳದೆ ಅಂದಾಜಿನ ಮೇಲೆ ಕೆಲಸ ಮಾಡಿದ್ದರು.

ಸಕ್ಕರೆ ಕಾಯಿಲೆ ಮೊದಲೇ ಇತ್ತು. ಕಣ್ಣಿನ ಒಳಪರದೆಯಲ್ಲಿ ರಕ್ತ ಒಸರಿದೆ, ಎರಡೂ ಕಣ್ಣಿಗೆ ಲೇಸರ್ ಆಗಬೇಕು, ಬಲಗಣ್ಣಿಗೆ ಇಂಜೆಕ್ಷನ್ನೂ ಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ, ಪೂರ್ತಿ ಬರುತ್ತದೆ ಎಂದು ಮಾತು ಕೊಡಲಾರೆ ಎಂದರು ಔರಂಗಾಬಾದಿನ ಡಾಕ್ಟರು. ಒಬ್ಬರನ್ನೇ ಬಿಡುವಂತಿರಲಿಲ್ಲ. ಹಾಸಿಗೆಬಟ್ಟೆ ಕಟ್ಟಿಕೊಂಡು ನಾನೂ ಅಲ್ಲಿಗೆ ಹೋದೆ. ವಿದ್ಯಾಳನ್ನು ಪಕ್ಕದ ಮನೆಯ ಕಾಕೂ ಅವರ ಕಣ್ಣಳತೆಯಲ್ಲಿ ಬಿಟ್ಟು, ಹದಿನೈದು ದಿನಕ್ಕೊಮ್ಮೆ ಯೇವಲಾ, ವೈಜಾಪುರ ಹಾಯ್ದು ಬರುವ ಬಸ್ಸಿನಲ್ಲಿ ಹೋಗಿ ಹಿಟ್ಟು, ಪುಡಿ ಮಾಡಿಟ್ಟು ಬರುತ್ತಿದ್ದೆ. ಶ್ರಾವಣದ ಹೊತ್ತಿಗೆ ಇವರ ರಜೆ ತೀರಿ, ಪಗಾರಿಲ್ಲದ ರಜೆ ಸುರುವಾಯಿತು.

ಆಗ ಜಮಖಂಡಿಯಿಂದ ಭಾವನವರ ಫೋನು ಬಂತು. ನಮ್ಮ ಯಜಮಾನರ ಹಿರಿಯಣ್ಣ. ಅವರ ಮಾತನ್ನು ಮನೆಯಲ್ಲಿ ಯಾರೂ ಮೀರಿದ್ದಿಲ್ಲ. ಕೆಟ್ಟವರಲ್ಲ, ನಮ್ಮನ್ನು ಸಾಕುವ ಭಾರ ತಮ್ಮದೆಂದುಕೊಂಡವರು.

"ಗಿರಿಜವ್ವಾ, ಎರಡ ಕಡೆ ಒಲಿ ಹಚ್ಚಿ ಎಷ್ಟ ದಿನ ನಡಸ್ತಿ? ದೀಪಾವಳಿಗೆ ನಾಶಿಕದ ಮನಿ ಖಾಲಿ ಮಾಡೂಣು. ವಿದ್ಯಾನ್ನ ನಾ ಬಂದು ಕರ್ಕೊಂಡ ಹೋಗ್ತೀನಿ. ಒಂದ ಚಲೋ ಸಂಬಂಧ ಬಂದೈತಿ."

"ಆಕಿ ಪರೀಕ್ಷಾ ಏಪ್ರಿಲ್‌ದಾಗ ಐತ್ರಿ, ಕಡೀ ವರ್ಷ."

"ಪರೀಕ್ಷಾ ಕಟ್ಟಾಕ ಬರತೈತಿ. ಹೊತ್ತ ಮೀರಿದ್ರ ಮದಿವಿ ಆಗೂದಿಲ್ಲ."

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನನಗೆ ಹತ್ತನೆಯ ಇಯತ್ತೆ ಮುಗಿದ ತಿಂಗಳಲ್ಲೇ ಮದುವೆಯಾಗಿತ್ತು. ನಮ್ಮ ಡ್ರಾಯಿಂಗ್ ಮಾಸ್ತರರು ಚಿತ್ರಕಲೆ ಕಲಿಯಲು ಧಾರವಾಡಕ್ಕೆ ಕಳಿಸಿರೆಂದು ಎರಡು ಸಲ ಮನೆಗೆ ಬಂದು ಹೇಳಿ ಹೋಗಿದ್ದರು. ಅದರ ಕತೆ ಇಲ್ಲಿ ಬೇಡ. ಮಗಳ ಓದು ನಡುವೆ ಮುರಿಯಬಾರದು ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು. ಅದಕ್ಕೆ ನಾನು ದುಡಿಯಬೇಕು. ಹೊರಗೆ ಹೋಗಿ ದುಡಿದರೆ ಇವರ ಕಣ್ಣಿಗೆ ಹೊತ್ತುಹೊತ್ತಿಗೆ ಔಷಧ ಹಾಕುವವರಿಲ್ಲ. ಮನೆಯಲ್ಲಿ ಕೂತು ನನಗೆ ಬರುವುದು ಒಂದೇ, ಪೆನ್ಸಿಲಿನಿಂದ ಮನುಷ್ಯರ ಮುಖ ಬರೆಯುವುದು.

ಅದರ ಹಣೆಬರಹವನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ವಿದ್ಯಾ ನನಗಾಗಿ ಫೇಸ್‌ಬುಕ್ಕಿನಲ್ಲಿ ಒಂದು ಪೇಜು ಮಾಡಿಕೊಟ್ಟಿದ್ದಳು. ಇಂಗ್ಲಿಷಿನಲ್ಲಿ ಹೆಸರು, ಫೋಟೋ ಕಳಿಸಿದರೆ ಚಿತ್ರ ಬರೆದುಕೊಡಲಾಗುವುದು ಎಂದೂ ಇಂಗ್ಲಿಷಿನಲ್ಲೇ. ದೇವರು, ಆಕಳು, ನಗುವ ಮಕ್ಕಳು, ಎಲ್ಲ ಹಾಕಿದೆವು. ಮೆಚ್ಚುಗೆಯ ಹೆಬ್ಬೆಟ್ಟಿನ ಗುರುತುಗಳು ಬೀಳುತ್ತಿದ್ದವು. "ನೈಸ್ ಆಂಟಿ" ಎಂದು ಬರೆಯುತ್ತಿದ್ದರು. ಬೆಲೆ ಕೇಳಿದ ಕೆಲವರು ಹೇಳಿದ ಮೇಲೆ ಮಾಯವಾಗುತ್ತಿದ್ದರು. "ದುಡ್ಡು ಬೇಡ, ನಿಮ್ಮ ಹೆಸರು ಹಾಕುತ್ತೇವೆ, ನಾಲ್ಕು ಜನರಿಗೆ ಗೊತ್ತಾಗುತ್ತದೆ" ಎನ್ನುವವರೂ ಇದ್ದರು. ನೆಂಟರಂತೂ ಮದುವೆ, ಸೀಮಂತ, ಹುಟ್ಟುಹಬ್ಬ ಎಂದು ಪುಕ್ಕಟೆ ಬರೆಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಒಬ್ಬನಂತೂ ಐದು ಮಂದಿಯ ಕುಟುಂಬದ ಚಿತ್ರ ಬರೆಸಿ, ಹೋಲುತ್ತಿಲ್ಲ ಎಂದು ದುಡ್ಡು ಕೊಡದೆ ಸುಮ್ಮನಾದ. ಮುಂದಿನ ತಿಂಗಳು ವಿದ್ಯಾ ಕಂಪ್ಯೂಟರಿನ ಮುಂದಿನಿಂದ ಚೀರಿದಳು: "ಮಮ್ಮಿ, ಇಕಡೆ ಬಘ್ ನಾ! ಹೋಲಂಗಿಲ್ಲ ಅಂದಿದ್ದಾ ನಾ, ಅದನ್ನ ಅಂವ ಡಿಪಿ ಇಟ್ಕೊಂಡಾನ!"

ಇವರ ಕಣ್ಣು ಹೋದ ಮೇಲೆ ನಾನು ಆ ಪೇಜಿನ ಮುಂದೆ ಕೂರುವುದು ಹೆಚ್ಚಾಯಿತು. ಮೊಬೈಲಿನಲ್ಲೇ ನೋಡಲು ಕಲಿತೆ. ಬೆಲೆ ಇಳಿಸಿದೆ, ಮತ್ತೆ ಇಳಿಸಿದೆ. ಗುರುತಿಲ್ಲದವರಿಗೆಲ್ಲ "ನಮಸ್ಕಾರ, ನಾನು ಚಿತ್ರ ಬರೆಯುತ್ತೇನೆ" ಎಂದು ಸಂದೇಶ ಕಳಿಸಿದೆ. ಆಷಾಢ ಹೋಯಿತು, ಶ್ರಾವಣ ಹೋಯಿತು, ಗಣಪತಿ ಬಂದ. ಒಂದೂ ಕೆಲಸ ಬರಲಿಲ್ಲ. ಅನ್ನಕ್ಕೆ ಇಟ್ಟು ಮೊಬೈಲು ನೋಡುತ್ತ ನಿಂತು ಎರಡು ಸಲ ಅನ್ನ ಹೊತ್ತಿಸಿದೆ. ಇವರು ಹೊತ್ತಿದ್ದನ್ನೇ ಉಂಡರು.

ಅವ್ವನಿಗೆ ಫೋನು ಮಾಡಿ ಅತ್ತೆ. ಆಕೆ ಪೂರ್ತಿ ಕೇಳಿದಳು. ಆಮೇಲೆ ಕೇಳಿದ್ದು ಒಂದೇ ಮಾತು: "ಜೋಗ ಬೇಡಿದೇನು?"

ನಮ್ಮ ಮನೆದೇವರು ಸವದತ್ತಿ ಯಲ್ಲಮ್ಮ. ಕಷ್ಟ ಬಂದಾಗ ಮಂಗಳವಾರವೋ ಶುಕ್ರವಾರವೋ ತಲೆಯ ಮೇಲೆ ನೀರು ಹಾಕಿಕೊಂಡು, ಹಣೆಗೆ ಭಂಡಾರದ ಅರಿಸಿನ ಹಚ್ಚಿ, ಪುಟ್ಟ ಬಿದಿರಿನ ಬುಟ್ಟಿ ಹಿಡಿದು ಐದು ಮನೆ ಬೇಡಬೇಕು, ಅದೇ ಜೋಗ. ಬಾಗಿಲು ಆರಿಸಬಾರದು, ಸಾಲು ತಪ್ಪಿಸಬಾರದು, ಕೊಟ್ಟದ್ದನ್ನು ಬೇಡ ಎನ್ನಬಾರದು, ಬಂದದ್ದನ್ನು ಅದೇ ದಿನ ಬೇಯಿಸಿ ಉಣ್ಣಬೇಕು. ನಮ್ಮ ಅತ್ತೆಯ ಮನೆಯಲ್ಲಿ ಐದೂ ನಮ್ಮವರ ಮನೆಯೇ ಆಗಬೇಕೆಂಬ ರೂಢಿಯಿತ್ತು. ಅದನ್ನೇ ಹಿಡಿದುಕೊಂಡು ಮಹಾರಾಷ್ಟ್ರಕ್ಕೆ ಬಂದಾಗಿನಿಂದ ನಾನು ಜೋಗ ತಪ್ಪಿಸಿಕೊಂಡಿದ್ದೆ.

"ಇಲ್ಲಿ ನಮ್ಮವರು ಐದ ಮನಿ ಎಲ್ಲಿ ಅದಾರ ಅವ್ವಾ?"

"ಆಕಿಗಿ ನಮ್ಮವರು ಬ್ಯಾರೇದವರು ಐತೇನ? ನಿನಗ ನಾಚಿಕಿ, ಅದನ್ನ ಹೇಳು. ಆ ಮೊಬೈಲಿನ್ಯಾಗ ಸಾವಿರ ಮಂದಿ ಮುಂದ ಕೈ ಒಡ್ಡಿ ನಿಂತಿ, ಐದ ಮನಿ ಮುಂದ ಒಡ್ಡಾಕ ಬ್ಯಾಂಕಿನವನ ಹೇಂತಿಗಿ ಮಾನ ಹೋಗತೈತೇನ?"

ಮರುದಿನವೇ ಸಂತೆಯಿಂದ ಪುಟ್ಟ ಬಿದಿರಿನ ಬುಟ್ಟಿ ತಂದೆ.

ಭಾದ್ರಪದದ ಒಂದು ಮಂಗಳವಾರ ಬೆಳಿಗ್ಗೆ ಔರಂಗಾಬಾದಿನ ನಮ್ಮ ಓಣಿಯಲ್ಲಿ ಹೊರಟೆ. ಬುಟ್ಟಿಯ ಮೇಲೆ ಸೆರಗು ಮುಚ್ಚಿದ್ದೆ, ಯಾರಾದರೂ ಕಂಡರೆ ಸಂತೆಗೆ ಹೊರಟಂತೆ ಕಾಣಲಿ ಎಂದು. ಮೊದಲ ಬಾಗಿಲು ಮನೆಯೊಡತಿಯದು. ಮರಾಠಿಯವರಲ್ಲೂ ಜೋಗವಾ ಇದೆಯಲ್ಲ, ಕಂಡ ಕೂಡಲೇ ಆಕೆಗೆ ತಿಳಿಯಿತು. "ಆಯೀ ಆಲೀ!" ಎಂದು, ತಾಯಿಯೇ ಬಂದಳೆಂದು ನನ್ನ ಕಾಲಿಗೇ ಬಾಗಿದರು. ದಿನಾ ನೀರಿನ ಟಾಕಿಗಾಗಿ ನನ್ನೊಡನೆ ಜಗಳಾಡುವ ಹೆಂಗಸು. ಹಿಟ್ಟು ಹಾಕಿದರು. ಎರಡನೆಯ ಬಾಗಿಲಲ್ಲಿ ಒಬ್ಬ ಯುವತಿ ಕಿವಿಗೆ ಫೋನು ಹಿಡಿದೇ "ನವರಾತ್ರೀಚಿ ವರ್ಗಣಿ ಕಾ?" ಎಂದು, ಹಬ್ಬದ ಚಂದಾ ಕೇಳಲು ಬಂದವಳೆಂದು ತಿಳಿದು, ಬುಟ್ಟಿಗೆ ಒಂದು ನೋಟು ಹಾಕಿ ಬಾಗಿಲು ಹಾಕಿಕೊಂಡಳು. ಬೇಡ ಎನ್ನುವಂತಿಲ್ಲ. ಮುಖ ಬೆಂದಂತಾಯಿತು. ಮುಂದಿನದಕ್ಕೆ ಬೀಗ. ಅದರಾಚೆಯ ಮನೆಯ ಮುದುಕರು ಎರಡು ಬಾಳೆಹಣ್ಣು ಕೊಟ್ಟರು. ಅಲ್ಲಿಗೆ ನಮ್ಮ ಓಣಿ ಮುಗಿಯಿತು. ಮೂರೇ ಮನೆ.

ಮುಂದೆ ಇದ್ದದ್ದು ಕಟ್ಟುತ್ತಿದ್ದ ಐದಂತಸ್ತಿನ ಕಟ್ಟಡ, ಅದರ ಬುಡದಲ್ಲಿ ತಗಡಿನ ಶೆಡ್ಡುಗಳು. ಅಲ್ಲಿರುವವರು ಯಾದಗಿರಿ, ಸುರಪುರದ ಕಡೆಯ ಕೂಲಿಯವರು. ಕಾಯಿಪಲ್ಲೆಗೆ ಹೋಗುವಾಗ ದಿನಾ ಆ ಕಡೆಯಿಂದ ನಮ್ಮ ಮಾತು ಕಿವಿಗೆ ಬೀಳುತ್ತಿತ್ತು. ಒಂದು ದಿನವೂ ನಾನು ತಿರುಗಿ ನೋಡಿರಲಿಲ್ಲ. ಒಮ್ಮೆ ಒಬ್ಬಾಕೆ "ನೀವ್ ನಮ್ಮ ಕಡೀದವರೇನ್ರಿ?" ಎಂದು ಕೇಳಿದಾಗ ಮರಾಠಿಯಲ್ಲಿ ಏನೋ ಅಂದು ದಾಟಿ ಹೋಗಿದ್ದೆ. ಇದನ್ನು ಬರೆಯದೆ ಬಿಟ್ಟರೆ ನನ್ನ ಅನುಭವ ಸುಳ್ಳಾಗುತ್ತದೆ.

ಸಾಲು ತಪ್ಪಿಸುವಂತಿಲ್ಲ. ನಾಲ್ಕನೆಯ ಜೋಗ ಮೊದಲ ಶೆಡ್ಡಿನಲ್ಲಿ ಸಿಕ್ಕಿತು, ಹಿಡಿ ಅಕ್ಕಿ, ನಾಲ್ಕು ಒಣಮೆಣಸು. ಐದನೆಯದಕ್ಕೆ ಪಕ್ಕದ ಶೆಡ್ಡಿನ ಮುಂದೆ ನಿಂತು "ಉಧೋ ಉಧೋ" ಅನ್ನುವಷ್ಟರಲ್ಲಿ ಒಳಗಿನಿಂದ ಬಂದವಳು ಅದೇ ಹೆಂಗಸು.

"ಯವ್ವಾ! ಮರಾಠಿ ಬಾಯಾರು ಕನ್ನಡ ಯಲ್ಲವ್ವನ ಹೊತ್ಕೊಂಡ್ ಬಂದಾರ!" ಎಂದು ಅವಳು ಗಟ್ಟಿಯಾಗಿ ನಕ್ಕಳು. ನನ್ನ ಕಣ್ಣಲ್ಲಿ ನೀರು ಬಂದದ್ದು ಕಂಡು ನಗು ನಿಲ್ಲಿಸಿ, ಬೊಗಸೆ ತುಂಬ ಜೋಳ ತಂದಳು. ಹಣಮವ್ವ ಅವಳ ಹೆಸರು. ಬುಟ್ಟಿಗೆ ಹಾಕುವ ಮುಂಚೆ ಕೇಳಿದಳು:

"ಏನ್ ಬೇಡ್ಕೊಂಡೀರಿ ಯಕ್ಕಾ?"

ಹೇಳಬೇಕೆಂದು ನಿಯಮವಿಲ್ಲ. ನಿಂತೂ ನಿಂತೂ ಸಾಕಾಗಿತ್ತು, ಹೇಳಿಬಿಟ್ಟೆ. "ನಾ ಚಿತ್ರ ಬರೀತೀನವ್ವಾ, ಮನಿಶ್ಯಾರ ಮಾರಿ. ಯಾರರೆ ಒಬ್ಬರು ಬರಕೊಡು ಅಂತ ಕೇಳಲಿ ಅಂತ ಬೇಡಕೊಂಡೀನಿ."

ಅವಳ ಬೊಗಸೆ ಹಾಗೇ ನಿಂತಿತು. "ಸತ್ತಾರದ್ದು ಬರತೈತೇನ್ರಿ?"

"ಫೋಟೋ ಇದ್ರ ಬರತೈತಿ."

"ಫೋಟೋ ಇಲ್ರಿ. ಓಟಿನ ಕಾರ್ಡಿನ್ಯಾಗ ಹೆಸರು ನಮ್ಮತ್ತೀದೈತಿ, ಮಾರಿ ಮತ್ಯಾರದೋ ಐತಿ."

"ಫೋಟೋ ಇಲ್ಲಂದ್ರ ಹ್ಯಾಂಗ ಬರೀಲಿ ತಂಗಿ? ನಾ ಆಕಿನ್ನ ಕಂಡಿಲ್ಲ."

"ಹೌದಲಾ" ಎಂದು ಅವಳು ಜೋಳ ಸುರಿದಳು. ನಾನು ಮನೆಗೆ ಬಂದೆ.

ಬಂದ ಹಿಟ್ಟು, ಜೋಳ, ಅಕ್ಕಿ ಎಲ್ಲ ಸೇರಿಸಿ ಬೇಯಿಸಿ ನೈವೇದ್ಯ ಮಾಡಿ ಇಬ್ಬರೂ ಉಣ್ಣಲು ಕೂತೆವು. ನಡೆದದ್ದನ್ನೆಲ್ಲ ಹೇಳಿದೆ. ಇವರು ತುತ್ತು ಕೈಯಲ್ಲಿ ಹಿಡಿದೇ ಕೇಳಿ, "ಅಲ್ಲ ಗಿರಿಜಾ, ಫೋಟೋ ಇದ್ದವರು ನಿನ್ನ ಹತ್ರ ಯಾಕ ಬರಬೇಕು? ಅವರ ಹತ್ರ ಫೋಟೋ ಐತೆಲ್ಲ" ಎಂದರು.

ಎರಡು ವರ್ಷದಲ್ಲಿ ನನಗೂ ವಿದ್ಯಾಳಿಗೂ ಈ ಮಾತು ಹೊಳೆದಿರಲಿಲ್ಲ.

ಮರುದಿನ ಹೋಗಿ ಹಣಮವ್ವನಿಗೆ ಹೇಳಿದೆ, ಆಗುತ್ತದೋ ಇಲ್ಲವೋ ಗೊತ್ತಿಲ್ಲ, ನೀವು ಹೇಳಿರಿ, ನಾನು ಬರೆದು ನೋಡುತ್ತೇನೆ ಎಂದು. ಅವಳ ಅತ್ತೆ ಈರವ್ವ ಹಿಂದಿನ ವರ್ಷ ಇದೇ ಶೆಡ್ಡಿನಲ್ಲಿ ತೀರಿಕೊಂಡಿದ್ದಳಂತೆ. ಹದಿನೈದು ವರ್ಷ ಅತ್ತೆ-ಸೊಸೆ ಜಗಳದಲ್ಲೇ ಕಳೆದಿದ್ದರು. "ಜಗಳ ಎಲ್ಲಾ ನೆಪ್ಪೈತ್ರಿ ಯಕ್ಕಾ. ಮಾರಿ ಮರೀಲಿಕ್ಕತ್ತೈತಿ. ಮಾನಮಿ ಅಮಾಸಿಗಿ ಹಿರ್ಯಾರಿಗಿ ಎಡಿ ಇಡಬೇಕು. ಯಾರ ಮುಂದ ಇಡಲಿ?" ಎಂದಳು. ಮಹಾಲಯ ಅಮಾವಾಸ್ಯೆಗೆ ಹದಿನೈದು ದಿನವೂ ಇರಲಿಲ್ಲ.

ಅವರ ಕೆಲಸಕ್ಕೆ ರಜೆ ಇದ್ದ ದಿನ ಇವರನ್ನು ಕೈ ಹಿಡಿದುಕೊಂಡು ಶೆಡ್ಡಿಗೆ ಹೋದೆ. ಖಾಲಿ ಚೀಲ ಹಾಸಿ ಇವರನ್ನು ಕೂಡಿಸಿದರು. ಹಣಮವ್ವನ ಗಂಡ ಭೀಮಪ್ಪನೂ ಕೂತ.

"ಮೂಗ ಹ್ಯಾಂಗಿತ್ತಪಾ?" ಎಂದೆ.

"ಮೂಗಿನಂಗ ಇತ್ರಿ" ಎಂದ ಭೀಮಪ್ಪ.

"ಕಣ್ಣು?"

"ಎಲ್ಲಾರ್ಗೂ ಇದ್ದಂಗ. ಅವ್ವ ಭಾಳ ಚೆಂದ ಇದ್ಳ್ರಿ."

"ಚೆಂದ ಇದ್ಳಂತ!" ಎಂದಳು ಹಣಮವ್ವ. "ನಿನ್ನ ಮಾರಿ ನೋಡಿದ್ರ ಗೊತ್ತಾಗತೈತಿ ಬಿಡು."

ಎರಡು ತಾಸು ಗುದ್ದಾಡಿ ಒಂದು ಮುದುಕಿಯನ್ನು ಬರೆದೆ. ನೆತ್ತಿಯ ಮೇಲೆ ಸೆರಗು, ಕರುಣೆಯ ಕಣ್ಣು, ಕ್ಯಾಲೆಂಡರಿನ ಅಜ್ಜಿಯ ಹಾಗೆ. ಭೀಮಪ್ಪ ಮರ್ಯಾದೆಗೆ "ಚಲೋ ಬಂದೈತ್ರಿ" ಎಂದ. ಹಣಮವ್ವ ಹತ್ತಿರ ಹಿಡಿದು ನೋಡಿ ಕೇಳಿದಳು: "ಯಾರ್ರಿ ಈಕಿ?"

ಅದೇ ಸಂಜೆ ಭಾವನವರು ಫೋನು ಮಾಡಿ ದೀಪಾವಳಿಯ ಹಿಂದಿನ ವಾರ ನಾಶಿಕಕ್ಕೆ ಬರುವುದಾಗಿ ತಿಳಿಸಿದರು. ಟಿಕೇಟು ತೆಗೆಸಿಯಾಗಿತ್ತು. ನಾನು ದೇವರ ಮುಂದೆ ಕೂತು, "ತಾಯಿ, ಕೇಳಿದ್ದು ಕೊಟ್ಟೆ, ಕೊಟ್ಟದ್ದು ನನ್ನ ಕೈಗೆ ನಿಲುಕದ್ದು ಕೊಟ್ಟೆ" ಎಂದು ಸಿಟ್ಟಿನಿಂದಲೇ ಅಂದೆ. ಹಿಂದೆ ಕುರ್ಚಿಯಲ್ಲಿದ್ದ ಇವರು ಕೇಳಿಸಿಕೊಂಡಿರಬೇಕು.

"ನೀ ಹಾಳಿ ನೋಡಾಕತ್ತಿದ್ದಿ. ನನಗ ಕಾಣಲಿಲ್ಲ, ನಾ ಮಾತ ಕೇಳಾಕತ್ತಿದ್ದೆ. ಆಕಿ ಮೂರ ಸಲ ಅಂದ್ಳು, ನಮ್ಮತ್ತಿ ನನ್ನ ಕಡೆ ನೋಡ್ತಿದ್ದಿಲ್ಲ ಅಂತ. ನೀ ಬರದ ಮುದುಕಿ ಎತ್ತಾಗ ನೋಡತೈತಿ?"

ನನ್ನ ಎದುರಿಗೇ ನೋಡುತ್ತಿತ್ತು.

ಎರಡನೆಯ ಸಲ ಹೋದಾಗ ಮೂಗು ಕಣ್ಣು ಕೇಳಲಿಲ್ಲ. "ಈರವ್ವ ನಿನಗ ಹ್ಯಾಂಗ ಬೈತಿದ್ಳು, ಮಾಡಿ ತೋರಸು" ಎಂದೆ. ಹಣಮವ್ವ ಮೊದಲು ನಾಚಿದಳು. ಆಮೇಲೆ ಎದ್ದು ನಿಂತು, ಟೊಂಕದ ಮೇಲೆ ಕೈಯಿಟ್ಟು, ಎಡದವಡೆಗೆ ತಂಬಾಕು ಒತ್ತಿಕೊಂಡವಳಂತೆ ಕೆನ್ನೆ ಉಬ್ಬಿಸಿ, ಗದ್ದ ಮೇಲೆತ್ತಿ, ತಗಡಿನ ಗೋಡೆಯ ಕಡೆ ತಿರುಗಿದಳು.

"ನೋಡವಾ ಗ್ವಾಡಿ! ಈ ಮನಿಗಿ ಒಬ್ಬಾಕಿ ಬಂದಾಳ, ರೊಟ್ಟಿ ಬಡ್ಯಾಕ ಕುಂತ್ರ ಊರ ಮಂದಿ ಕಲ್ಲ ಒಡ್ಯಾಕತ್ತಾರ ಅಂತ ತಿಳ್ಕೋತಾರ!"

ಭೀಮಪ್ಪ ಬಿದ್ದು ಬಿದ್ದು ನಕ್ಕ. "ಅಕ್ಕಾರ, ಕೆಳಗಿನ ತುಟಿ ಇನ್ನೊಂಚೂರು ಮುಂದ ಬರತಿತ್ತು" ಎಂದ. ಆಗ ಅವನಿಗೆ ಎಲ್ಲ ನೆನಪಾಗತೊಡಗಿತು. ಕಲ್ಲಿನ ಕೆಲಸದ ಧೂಳಿಗೆ ಒಂದು ಕಣ್ಣು ಸದಾ ಅರೆಮುಚ್ಚಿರುತ್ತಿತ್ತು, ಕಿವಿಯ ತೂತು ಹರಿದಿತ್ತು, ಸಿಟ್ಟು ಬಂದಾಗ ಮೂಗಿನ ಹೊಳ್ಳೆ ನಡುಗುತ್ತಿತ್ತು. ನಾನು ಕೇಳುತ್ತ ಹೋದೆ, ಪೆನ್ಸಿಲು ತಾನೇ ಹೋಗುತ್ತಿತ್ತು. ಮನೆಗೆ ತಂದು ಮತ್ತೆ ಎರಡು ದಿನ ತಿದ್ದಿದೆ.

ಅಮಾವಾಸ್ಯೆಯ ಹಿಂದಿನ ದಿನ, ಹೊತ್ತು ಮುಳುಗುವ ಮೊದಲೇ ಇವರನ್ನೂ ಕರೆದುಕೊಂಡು ಚಿತ್ರ ಒಯ್ದೆ. ಹಣಮವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಾಳೆ ಬಿಚ್ಚಿ ತಗಡಿಗೆ ಆನಿಸಿ ನಿಲ್ಲಿಸಿದೆ. ಅವಳು ತಿರುಗಿ ನೋಡಿದಳು. ಹಿಟ್ಟು ಮೆತ್ತಿದ ಕೈಯಿಂದಲೇ ಹೆಗಲ ಮೇಲಿನ ಸೆರಗನ್ನು ಸರಕ್ಕನೆ ತಲೆಯ ಮೇಲೆ ಎಳೆದುಕೊಂಡಳು, ಹಿರಿಯರ ಎದುರು ಸೊಸೆಯಾದವಳು ಎಳೆದುಕೊಳ್ಳುವ ಹಾಗೆ. ಭೀಮಪ್ಪ "ಅವ್ವಾ" ಅಂದವನು ಆಚೆ ಮುಖ ಮಾಡಿ ನಿಂತ. ಕಾಣದ ಕಣ್ಣಿನ ನಮ್ಮ ಯಜಮಾನರು ಮಾತ್ರ "ಏನಾತು? ಹೋಲತೈತೇನು? ಯಾರರೆ ಹೇಳ್ರಿ" ಎಂದು ಕೇಳುತ್ತಲೇ ಇದ್ದರು. ನಾನು ಅವರ ಕೈ ಹಿಡಿದು ಒತ್ತಿದೆ.

ಹಣಮವ್ವ ಸೀರೆಯ ಗಂಟಿನಿಂದ ನೋಟುಗಳನ್ನು ತೆಗೆದು ನನ್ನ ಮುಂದೆ ಹಿಡಿದಳು. ಅವಳ ಒಂದು ದಿನದ ಕೂಲಿ.

"ಬ್ಯಾಡವ್ವಾ. ನಾ ನಿನ್ನ ಮನಿಗಿ ಜೋಗಕ್ಕ ಬಂದಾಕಿ."

"ಜೋಗ ಅವತ್ತ ಕೊಟ್ಟೀನಲ್ರಿ. ಇದು ಕೂಲಿ. ಕೂಲಿ ಮುಟ್ಟಸಲಿಲ್ಲಂದ್ರ ನಮ್ಮತ್ತಿ ನಮ್ಮಾಕಿ ಆಗೂದಿಲ್ಲ, ನಿಮ್ಮಾಕಿ ಆಗ್ತಾಳ. ತಗೋರಿ, ಸುಮ್ನ."

ತೆಗೆದುಕೊಂಡೆ. ಎರಡು ವರ್ಷ ಪುಕ್ಕಟೆ ಬರೆದುಕೊಟ್ಟು, ಕಡಿಮೆ ಬೆಲೆಗೆ ಬರೆಯುತ್ತೇನೆಂದು ಅಂಗಲಾಚಿ, ನನ್ನ ಚಿತ್ರಕ್ಕೆ ಮೊದಲು ಬಂದ ದುಡಿಮೆ ಅದು.

ಮುಂದಿನ ಸಲ ನಾಶಿಕಕ್ಕೆ ಹೋದಾಗ ವಿದ್ಯಾಳಿಗೆ ಎಲ್ಲ ಹೇಳಿದೆ. ಅವಳಿಗೆ ನಮ್ಮ ಮಾತು ತಿಳಿಯುತ್ತದೆ, ಓದಲು ಬರುವುದಿಲ್ಲ. "ಮಮ್ಮಿ, ಸೇಮ್ ಹಿಂಗ ಬರಿ, ನೀ ಈಗ ಹೇಳಿದಿ ನಾ, ತಸಂ. ಇಂಗ್ಲಿಷ್ ಬ್ಯಾಡ" ಎಂದಳು. ಹಾಳೆಯ ಮೇಲೆ ಕೈಯಿಂದಲೇ ಬರೆದೆ. ಹಣಮವ್ವನನ್ನು ಮೊದಲೇ ಕೇಳಿದ್ದೆ. "ಹಾಕ್ರಿ, ನಮ್ಮತ್ತಿ ಎಲ್ಲಾ ಮಂದೀಗಿ ಬೈಲಿ" ಎಂದಿದ್ದಳು. ಈರವ್ವನ ಚಿತ್ರ, ನನ್ನ ಕೈಬರಹದ ಎರಡು ಪುಟ, ಕೊನೆಗೆ ಒಂದು ಸಾಲು: ಫೋಟೋ ಇಲ್ಲದ ನಿಮ್ಮವರ ಬಗ್ಗೆ ನೀವು ಹೇಳಿರಿ, ನಾನು ಕೇಳಿ ಬರೆಯುತ್ತೇನೆ. ಕೂಲಿ ತೆಗೆದುಕೊಳ್ಳುತ್ತೇನೆ.

ಒಂದು ದಿನ, ಎರಡು ದಿನ, ನವರಾತ್ರಿ ಪೂರ್ತಿ ಕಳೆಯಿತು. ಹೆಬ್ಬೆಟ್ಟಿನ ಗುರುತು ಕೂಡ ಹೆಚ್ಚು ಬೀಳಲಿಲ್ಲ. ಬಲಗಣ್ಣಿನ ಎರಡನೆಯ ಇಂಜೆಕ್ಷನ್ನು ಆಯಿತು, ಡಾಕ್ಟರು ಕಾದು ನೋಡೋಣ ಎಂದರು. ಭಾವನವರು ಬರುವುದಕ್ಕೆ ಒಂಬತ್ತು ದಿನ ಉಳಿದಿತ್ತು. ನಾನು ನಾಶಿಕದ ಮನೆಯ ಪಾತ್ರೆಗಳನ್ನು ಯಾವ ಡಬ್ಬಿಗೆ ತುಂಬಬೇಕೆಂದು ಮನಸ್ಸಿನಲ್ಲೇ ಜೋಡಿಸತೊಡಗಿದ್ದೆ.

ಆಗ ಪುಣೆಯಿಂದ ಒಂದು ಸಂದೇಶ ಬಂತು. ಗೋಕಾಕದ ಕಡೆಯ ನಿವೃತ್ತ ಮಾಸ್ತರರೊಬ್ಬರು. ಅವರು ನಾಲ್ಕು ವರ್ಷದವರಿದ್ದಾಗ ತಂದೆ ತೀರಿದ್ದರು, ಒಂದೂ ಫೋಟೋ ಇಲ್ಲ. ತಂದೆಯನ್ನು ಕಂಡವರಲ್ಲಿ ಉಳಿದವರು ಸೋದರತ್ತೆ ಒಬ್ಬರೇ, ಎಂಬತ್ತು ದಾಟಿದವರು. "ನನ್ನಪ್ಪನ ಮುಖ ನಾನು ಒಮ್ಮೆ ನೋಡಬೇಕು ತಾಯಿ. ಕೂಲಿ ಎಷ್ಟೆಂದು ಮೊದಲು ತಿಳಿಸಿರಿ" ಎಂದು ಬರೆದಿದ್ದರು. ಆ ವಾರದಲ್ಲೇ ಇನ್ನೂ ಮೂವರು ಕೇಳಿದರು. ಮಾಸ್ತರರ ಸೋದರತ್ತೆಯ ಆರೋಗ್ಯ ನೋಡಿಕೊಂಡು ಅವರೇ ದಿನ ಗೊತ್ತುಮಾಡಿದರು. ಅದು ಭಾವನವರು ನಾಶಿಕಕ್ಕೆ ಬರುವ ದಿನವೇ ಆಗಿತ್ತು.

ಬೆಳಿಗ್ಗೆ ಬಸ್ಸಿನಿಂದ ಇಳಿದು ಬಂದ ಭಾವನವರು ಚಹಾ ಕುಡಿದು, "ಸಾಮಾನ ಕಟ್ಟೀರೇನು?" ಎಂದು ಸುತ್ತ ನೋಡಿದರು. ಏನೂ ಕಟ್ಟಿರಲಿಲ್ಲ. ವಿದ್ಯಾ ಅಡಿಗೆಮನೆಯ ಬಾಗಿಲಿಗೆ ಆತು ನಿಂತಿದ್ದಳು. ಯಜಮಾನರನ್ನೂ ನಾನು ಹಿಂದಿನ ದಿನ ಕರೆತಂದಿದ್ದೆ, ಅವರು ತಲೆ ತಗ್ಗಿಸಿ ಕೂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರ ಫೋನು ಬಂತು.

"ಭಾವಾ, ಒಂದ ತಾಸ ತಡೀರಿ. ಇದು ನನ್ನ ಕೆಲಸ" ಎಂದೆ. ಅವರಿಗೆ ಹೀಗೆ ಹೇಳಿದ್ದು ಅದೇ ಮೊದಲು.

ಫೋನಿನ ದನಿ ಎಲ್ಲರಿಗೂ ಕೇಳುವಂತೆ ಇಟ್ಟು, ಹಲಗೆ ತೊಡೆಯ ಮೇಲೆ ಹಾಕಿಕೊಂಡೆ. ಅವರ ಸೋದರತ್ತೆ ಅಜ್ಜಿಯ ದನಿ ಕೀರಲಾಗಿತ್ತು, ನೆನಪು ಗಟ್ಟಿಯಾಗಿತ್ತು. ಅಣ್ಣ ತನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೊಳೆ ದಾಟಿದ್ದು, ಮೇಲಿನಿಂದ ಕಾಣುತ್ತಿದ್ದ ಅವನ ನೆತ್ತಿಯ ಸುಳಿ, ಕಿವಿಯ ಹಿಂದಿನ ಮಚ್ಚೆ. "ನಗೂಮುಂದ ಬಾಯಿ ಮುಚ್ಕೋತಿದ್ದ, ಹಲ್ಲ ಒಂದರ ಮ್ಯಾಲ ಒಂದ ಇದ್ವು" ಎಂದಳು. ನಾನು ಬರೆಯುತ್ತಿದ್ದೆ. ತಲೆಯ ಮೇಲೇನಿತ್ತೆಂದು ಕೇಳಲು ಮರೆತಿದ್ದೆ. ನನ್ನ ಹಿಂದಿನಿಂದ ಒಂದು ದನಿ ಬಂತು.

"ಅಜ್ಜಿ, ಪಟಗಾ ಸುತ್ತತಿದ್ರೋ, ಟೊಪಗಿ ಹಾಕತಿದ್ರೋ?"

ಭಾವನವರು. ಯಾವಾಗ ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತಿದ್ದರೋ ಗೊತ್ತಿಲ್ಲ.

"ಪಟಗಾ ಅಪಾ. ಸುತ್ತಾಕ ಬರತಿದ್ದಿಲ್ಲ, ಯಾವಾಗ್ಲೂ ಒಂದ ಕಡೆ ಜೋತ ಬೀಳತಿತ್ತು."

"ಯಾವ ಕಡೆ?" ಎಂದರು ಭಾವನವರು.

ಒಂದು ತಾಸು ಎರಡೂವರೆಯಾಯಿತು. ಫೋನು ಇಟ್ಟ ಮೇಲೆ ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. "ಇಂಥಾವು ಎಷ್ಟ ಬಂದಾವು?" ಎಂದರು. ಇದ್ದದ್ದು ಇದ್ದಂತೆ ಹೇಳಿದೆ, ನಾಲ್ಕು, ಮುಂದೆ ಬರುತ್ತವೋ ಇಲ್ಲವೋ ತಿಳಿಯದು ಎಂದು. ಅವರು ತಮ್ಮನ ಕಡೆ ನೋಡಿದರು, ಬಾಗಿಲಿನ ಕಡೆ ನೋಡಿದರು.

"ವಿದ್ಯಾ, ನಿನ್ನ ಪರೀಕ್ಷಾ ಏಪ್ರಿಲ್‌ದಾಗ ಎಂದ?"

"ಅಜೂನ್ ತಾರೀಖ ಬಂದಿಲ್ಲ ದೊಡ್ಡಪ್ಪ."

"ಬಂದ ಮ್ಯಾಲ ತಿಳಸು. ಮುಗಿಯೂತನಾ ಈ ಮನಿ ಇರಲಿ. ಆ ಸಂಬಂಧದವರಿಗೆ ನಾ ಹೇಳತೀನಿ."

ವಿದ್ಯಾ ಒಳಗೆ ಓಡಿಹೋಗಿ ನಲ್ಲಿ ಬಿಟ್ಟುಕೊಂಡಳು, ಅಳುವುದು ಕೇಳಿಸಬಾರದೆಂದು. ಭಾವನವರು ಊಟ ಮಾಡಿ ಸಂಜೆಯ ಬಸ್ಸಿಗೆ ಜಮಖಂಡಿಗೆ ಹೊರಟರು.

ಆ ಚಳಿಗಾಲದಲ್ಲಿ ತಿಂಗಳಿಗೆ ಐದಾರು ಮುಖ ಬರೆದೆ. ಫೆಬ್ರುವರಿಯಲ್ಲಿ ಇವರ ಎಡಗಣ್ಣು ತಿಳಿಯಾಯಿತು. ಬಲಗಣ್ಣು ಇಂದಿಗೂ ಮಬ್ಬು. ಬ್ಯಾಂಕಿನವರು ಬೇರೆ ಮೇಜು ಕೊಟ್ಟರು. ವಿದ್ಯಾ ಏಪ್ರಿಲಿನಲ್ಲಿ ಪರೀಕ್ಷೆ ಬರೆದು ಮೊದಲ ದರ್ಜೆಯಲ್ಲಿ ಪಾಸಾದಳು. ಹಣಮವ್ವನ ಕಟ್ಟಡ ಮುಗಿದು ಅವರು ಬೇರೆ ಊರಿನ ಕೆಲಸಕ್ಕೆ ಹೋದರು. ಹೋಗುವ ಮುಂಚೆ ಅವಳಿಗೆ ಉಡಿ ತುಂಬಿದೆ.

ಅಕ್ಕ-ಅಣ್ಣಂದಿರೇ, ತಾಯಿ ನನ್ನ ಮನೆಗೆ ಗಿರಾಕಿಗಳನ್ನು ಕಳಿಸಿದಳೆಂದು ನಾನು ಹೇಳುವುದಿಲ್ಲ. ನಾನು ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಬಾಗಿಲಿಗೆ ನನ್ನನ್ನೇ ಕಳಿಸಿದಳು. ನನ್ನ ಕಣ್ಣು ಮಾಡದ ಕೆಲಸವನ್ನು ಇವರ ಕಾಣದ ಕಣ್ಣಿನಿಂದ ಮಾಡಿಸಿದಳು. ಮೊದಲು ಅವಳಲ್ಲಿ ನನಗಿದ್ದದ್ದು ಹೆದರಿಕೆ, ಈಗಿರುವುದು ನಂಬಿಕೆ. ಯಾರಿಗಾದರೂ ಜೋಗ ಬೇಡಲು ನಾಚಿಕೆಯಾದರೆ, ನನ್ನನ್ನು ನೆನೆದು ಒಂದು ಬಾಗಿಲು ದಾಟಿರಿ.

ನಾಳೆ ಹತ್ತು ಗಂಟೆಗೆ ಒಬ್ಬ ತಾಯಿ ತನ್ನ ತಂಗಿಯ ಬಗ್ಗೆ ಹೇಳಲು ಫೋನು ಮಾಡುತ್ತಾಳೆ. ಪೆನ್ಸಿಲು ಚೂಪು ಮಾಡಿ ಇಟ್ಟಿದ್ದೇನೆ. ಯಲ್ಲಮ್ಮಾ, ಅವಳು ಹೇಳುವುದೆಲ್ಲ ನನ್ನ ಕಿವಿಗೆ ಬೀಳಲಿ.